ಸ್ಕಾರ್ಲಾಟಿಯ ಸೊನಾಟಗಳ ಕಾಲವಿಚಾರ

ನನ್ನ ಮೊಮ್ಮಗಳು ಪಿಯಾನೋ ವಾದ್ಯವನ್ನು ಅಭ್ಯಾಸಮಾಡುತ್ತಿರುವಳು. ಆಕೆಯ ಪಾಠದ ಪುಸ್ತಕದಲ್ಲಿ ದೊಮೆನಿಕೊ ಸ್ಕಾರ್ಲಾಟಿ ಎಂಬ ಇಟಲಿ ದೇಶದ ಸಂಗೀತಕರ್ತನ ಒಂದು ಸೊನಾಟವಿದೆ. ಬೇಟೆಗಾರರ ಕೊಂಬಿನ ಕೂಗನ್ನು ನೆನಪಿಗೆ ತರುವ, ಕುಣಿಯುವ ನಡೆಯ ಚಿಕ್ಕ ರಚನೆ. ತಲೆಬರಹದ ಪಕ್ಕದಲ್ಲಿ ‘ಕೆ. 159’ ಎಂದೂ ಅದರ ಕೆಳಗೆ ‘1752’ ಎಂದೂ ಅಚ್ಚಾಗಿದೆ. ಒಂದು ಸಂಜೆ ಆಕೆಯು ನುಡಿಸುವುದನ್ನು ನಿಲ್ಲಿಸಿ, ‘ತಾತ, ಇದನ್ನು ಬರೆದಾಗ ಇವರಿಗೆ ಎಷ್ಟು ವಯಸ್ಸು?’ ಎಂದು ಕೇಳಿದಳು. ಸ್ಕಾರ್ಲಾಟಿಯು ಹುಟ್ಟಿದುದು 1685ನೆಯ ಇಸವಿ ಅಕ್ಟೋಬರ್ 26ರಂದು, ನೇಪಲ್ಸ್ ನಗರದಲ್ಲಿ. ಲೆಕ್ಕ ಹಾಕಿ, ಅರುವತ್ತಾರೋ ಅರುವತ್ತೇಳೋ ಇರಬೇಕೆಂದೆನು. ‘ಹಾಗಾದರೆ ನಿಮ್ಮ ವಯಸ್ಸೇ!’ ಎಂದು ನಕ್ಕು ಮತ್ತೆ ನುಡಿಸತೊಡಗಿದಳು.

ಆ ಮಾತು ನನಗೆ ಹಿತವಾಯಿತೆಂದು ಮರೆಮಾಚದೆ ಒಪ್ಪಿಕೊಳ್ಳುತ್ತೇನೆ. ಅಧ್ಯಾಪಕವೃತ್ತಿಯಿಂದ ನಿವೃತ್ತನಾಗಿ ಮನೆಯ ಜಗಲಿಯ ಮೇಲೆ ಕುಳಿತಿರುವವನಿಗೆ, ತನ್ನ ವಯಸ್ಸಿನಲ್ಲಿ ಮತ್ತೊಬ್ಬನು ಇಂತಹ ಉಲ್ಲಾಸದ ಕೃತಿಯನ್ನು ರಚಿಸಿದನೆಂದು ಕೇಳುವುದು ಯಾವ ರಸಾಯನಕ್ಕೂ ಕಡಮೆಯಲ್ಲ. ಇನ್ನೂ ವಿಚಾರಿಸಲು, ಇದೊಂದೇ ಅಲ್ಲದೆ ಸ್ಕಾರ್ಲಾಟಿಯ 555 ಸೊನಾಟಗಳ ಪೈಕಿ ನಾನೂರಕ್ಕೂ ಮೇಲ್ಪಟ್ಟು ಆತನ ಕೊನೆಯ ಐದಾರು ವರ್ಷಗಳಲ್ಲಿಯೇ ಹುಟ್ಟಿದುವೆಂದು ಒಂದು ಪ್ರಬಲವಾದ ಮತವಿರುವುದೂ ತಿಳಿದುಬಂದಿತು. ಈ ಮತವು ನಿಜವಾಗಿದ್ದರೆ ಪ್ರಪಂಚದ ಕಲೆಗಳ ಇತಿಹಾಸದಲ್ಲಿ ವಾರ್ಧಕ್ಯಕ್ಕೆ ಇದಕ್ಕಿಂತ ಮಿಗಿಲಾದ ಗೌರವ ಬೇರೊಂದಿರಲಾರದು. ನಿಜವೇ ಎಂಬುದನ್ನು ವಿಮರ್ಶಿಸುವುದೇ ಈ ಲೇಖನದ ಉದ್ದೇಶ. ಪಾಶ್ಚಾತ್ಯ ಸಂಗೀತಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಆದರೆ ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು ಗ್ರಂಥದ ಕಾಲವನ್ನು ನಿಶ್ಚಯಿಸುವ ವ್ಯವಹಾರವು ಪಾಠಶಾಲೆಯಲ್ಲಿ ಓದಿದವನಿಗೆ ಅಪರಿಚಿತವಾದುದಲ್ಲ. ವಾಚಕರು ಅಷ್ಟರಮಟ್ಟಿಗೆ ನನ್ನ ಮಾತನ್ನು ಸಹಿಸಿಕೊಳ್ಳಬೇಕು.

ಮೊದಲು ಆತನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆನು. ದೊಮೆನಿಕೊವಿನ ತಂದೆ ಅಲೆಸ್ಸಾಂದ್ರೊ ಸ್ಕಾರ್ಲಾಟಿಯು ಸಂಗೀತನಾಟಕಗಳನ್ನು ರಚಿಸಿ ಇಟಲಿಯಲ್ಲೆಲ್ಲ ಪ್ರಸಿದ್ಧನಾಗಿದ್ದವನು. ಜರ್ಮನಿಯ ಬಾಖ್ ಮತ್ತು ಹ್ಯಾಂಡೆಲರು ಹುಟ್ಟಿದ ವರ್ಷವೇ ದೊಮೆನಿಕೊವೂ ಹುಟ್ಟಿದನೆಂಬುದು ಕಾಕತಾಳೀಯವಾದರೂ ಸ್ಮರಣೀಯವಾಗಿದೆ. ಯೌವನವನ್ನು ನೇಪಲ್ಸ್, ವೆನಿಸ್, ರೋಮ್ ನಗರಗಳಲ್ಲಿ ಕಳೆದು, 1719ರಲ್ಲಿ ಪೋರ್ತುಗಲ್ ದೇಶದ ರಾಜಧಾನಿಯಾದ ಲಿಸ್ಬನ್ನಿಗೆ ಹೋಗಿ, ದೊರೆಯಾದ ಐದನೆಯ ಜೊವಾಂ ಮಹಾರಾಜನ ಆಸ್ಥಾನದಲ್ಲಿ ಸಂಗೀತಾಧ್ಯಕ್ಷನಾದನು. ಅಲ್ಲಿ ರಾಜನ ತಮ್ಮನಾದ ಡಾನ್ ಅಂತೋನಿಯೊವಿಗೂ, 1711ರಲ್ಲಿ ಜನಿಸಿದ್ದ ರಾಜಪುತ್ರಿ ಮಾರಿಯಾ ಬಾರ್ಬರಾಳಿಗೂ ವಾದ್ಯವಿದ್ಯೆಯನ್ನು ಕಲಿಸುವ ಕೆಲಸವು ಆತನ ಪಾಲಿಗೆ ಬಂದಿತು. 1729ರಲ್ಲಿ ಈ ರಾಜಪುತ್ರಿಯು ಸ್ಪೇನ್ ದೇಶದ ಯುವರಾಜ ಫರ್ಡಿನೆಂಡನನ್ನು ವರಿಸಲು, ಗುರುವೂ ಶಿಷ್ಯೆಯನ್ನು ಅನುಸರಿಸಿ ಸ್ಪೇನಿಗೆ ಹೋದನು. ಆಸ್ಥಾನವು ಸೆವಿಲ್ ನಗರದಲ್ಲಿದ್ದ ನಾಲ್ಕು ವರ್ಷ ಅಲ್ಲಿಯೂ, ಆಮೇಲೆ ಮ್ಯಾಡ್ರಿಡ್ ನಗರದಲ್ಲಿಯೂ ಇದ್ದು, 1757ನೆಯ ಜುಲೈ 23ರಂದು ತೀರಿಕೊಂಡನು. ಶಿಷ್ಯೆಯು 1746ರಲ್ಲಿ ರಾಣಿಯಾಗಿ, ಗುರುವಿನ ಮರಣಾನಂತರ ಒಂದು ವರ್ಷ ಮಾತ್ರ ಬದುಕಿದ್ದು 1758ನೆಯ ಆಗಸ್ಟಿನಲ್ಲಿ ಮೃತಳಾದಳು. ಸುಮಾರು ಮೂವತ್ತೇಳು ವರ್ಷಗಳ ಈ ಗುರುಶಿಷ್ಯಸಂಬಂಧವು ಅರಮನೆಗಳ ಚರಿತ್ರೆಯಲ್ಲಿ ಅಪೂರ್ವವಾದುದು. ಸೊನಾಟಗಳೆಲ್ಲವೂ ಈ ಸಂಬಂಧದ ಫಲವೆಂದರೆ ತಪ್ಪಾಗಲಾರದು.

ಸೊನಾಟವೆಂದರೆ ಸ್ಕಾರ್ಲಾಟಿಯ ಪಾಲಿಗೆ ಬಹುಮಟ್ಟಿಗೆ ಒಂದೇ ಅಂಗವುಳ್ಳ ವಾದ್ಯಕೃತಿ. ಅದಕ್ಕೆ ಎರಡು ಭಾಗಗಳು. ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸತಕ್ಕದ್ದು. ವಾದ್ಯವು ಮುಖ್ಯವಾಗಿ ಹಾರ್ಪ್ಸಿಕಾರ್ಡ್ ಎಂಬುದು. ನೋಡಲು ಪಿಯಾನೋವಿನಂತೆಯೇ ಇದ್ದು ನಮ್ಮ ಹಾರ್ಮೋನಿಯಮ್ಮಿನ ಮನೆಗಳಂತಹ ಮನೆಗಳನ್ನುಳ್ಳದ್ದಾದರೂ, ಒಳಗಿನ ತಂತಿಗಳನ್ನು ಸುತ್ತಿಗೆಯು ಹೊಡೆಯುವುದಿಲ್ಲ. ಹಕ್ಕಿಯ ಗರಿಯ ಕಡ್ಡಿಯು ಮೀಟುತ್ತದೆ. ಸ್ಪೇನಿನ ಗಿಟಾರು, ಕುಣಿತದವರ ಕೈತಾಳ, ಹೇಸರಗತ್ತೆಗಳನ್ನು ಹೊಡೆದುಕೊಂಡು ಹೋಗುವವರ ಹಾಡು, ಇವೆಲ್ಲ ಈ ಅರಮನೆಯ ಸಂಗೀತದೊಳಕ್ಕೆ ನುಗ್ಗಿ ಬಂದಿರುವುದನ್ನು ಆತನ ಕಾಲದವರೇ ಗುರುತಿಸಿದ್ದರು.

ಇನ್ನು ಪ್ರಕೃತವಿಷಯ. ಸ್ಕಾರ್ಲಾಟಿಯ ಸ್ವಹಸ್ತಾಕ್ಷರದಲ್ಲಿರುವ ಸೊನಾಟವು ಒಂದಾದರೂ ಇದುವರೆಗೆ ದೊರೆತಿಲ್ಲ. ಐನೂರೈವತ್ತೈದು ಕೃತಿಗಳಲ್ಲಿ ಒಂದಕ್ಕೂ ಮೂಲಪತ್ರವಿಲ್ಲ! ಇರುವುದೇನೆಂದರೆ, ಆತನ ಮೇಲ್ವಿಚಾರಣೆಯಲ್ಲಿ ಅಚ್ಚಾದ ಒಂದು ಪುಸ್ತಕ, ಮತ್ತು ಲಿಪಿಕಾರರು ಬರೆದ ಪ್ರತಿಗಳು. ಅಚ್ಚಾದುದು 1738ರಲ್ಲಿ, ಲಂಡನ್ನಿನಲ್ಲಿ. ‘ಎಸ್ಸೆರ್ಚಿತ್ಸಿ’, ಎಂದರೆ ಅಭ್ಯಾಸಗಳು, ಎಂಬ ಹೆಸರಿನಿಂದ 30 ಸೊನಾಟಗಳು. ಪ್ರತಿಗಳಲ್ಲಿ ಮುಖ್ಯವಾದುವು ವೆನಿಸ್ಸಿನ ಮಾರ್ಚಿಯಾನಾ ಪುಸ್ತಕಭಂಡಾರದಲ್ಲಿರುವ 15 ಸಂಪುಟಗಳು. ಕೆಂಪು ಚರ್ಮದ ಹೊದಿಕೆ, ಅದರ ಮೇಲೆ ಚಿನ್ನದ ರೇಖೆಯಲ್ಲಿ ಸ್ಪೇನ್ ಪೋರ್ತುಗಲ್‌ಗಳ ರಾಜಲಾಂಛನಗಳು. ರಾಣಿಯ ಸ್ವಂತ ಉಪಯೋಗಕ್ಕಾಗಿ ಸಿದ್ಧವಾದುವೆಂಬುದರಲ್ಲಿ ಸಂದೇಹವಿಲ್ಲ. ಇವುಗಳಲ್ಲಿ ಎರಡು ಸಂಪುಟಗಳ ಮೇಲೆ 1742 ಮತ್ತು 1749 ಎಂಬ ವರ್ಷಗಳಿವೆ. ಉಳಿದ ಹದಿಮೂರು 1752ರಿಂದ 1757ರವರೆಗೆ ಬರೆದವು. ಮೊದಲನೆಯದರಲ್ಲಿ 61, ಎರಡನೆಯದರಲ್ಲಿ 41, ಹದಿಮೂರರಲ್ಲಿ ಒಟ್ಟು 394, ಹೀಗೆ 496 ಸೊನಾಟಗಳು. ಇದರ ಜೊತೆಗೆ ಪಾರ್ಮಾ ನಗರದಲ್ಲಿ ಇನ್ನೊಂದು 15 ಸಂಪುಟಗಳ ಸಮೂಹವಿದ್ದು ಅದರಲ್ಲಿ 463 ಸೊನಾಟಗಳಿವೆ. ಅವೂ 1752ರಿಂದ 1757ರವರೆಗಿನವೇ. ಬಹಳಷ್ಟು ಕೃತಿಗಳು ಎರಡರಲ್ಲಿಯೂ ಬರುತ್ತವೆ. ಮ್ಯೂನ್‌ಸ್ಟರ್, ವಿಯೆನ್ನಾ ನಗರಗಳಲ್ಲಿಯೂ ಪ್ರತಿಗಳುಂಟು.

ಈ ಸಂಪುಟಗಳು ಮ್ಯಾಡ್ರಿಡ್ಡಿನಿಂದ ವೆನಿಸ್ಸಿಗೆ ಬಂದುದು ಹೇಗೆಂಬುದನ್ನು ಹೇಳದೆ ಮುಂದೆ ಹೋಗಲಾರೆನು. ಸ್ಪೇನಿನ ಹಿಂದಿನ ದೊರೆಯಾದ ಐದನೆಯ ಫಿಲಿಪ್ಪನು ಘೋರವಾದ ಮನೋವ್ಯಾಧಿಯಿಂದ ನರಳುತ್ತಿದ್ದಾಗ, 1737ರಲ್ಲಿ ಫಾರಿನೆಲ್ಲಿ ಎಂಬ ಇಟಲಿಯ ಮಹಾಗಾಯಕನನ್ನು ಕರೆಸಲಾಯಿತು. ಆತನು ರಾತ್ರಿರಾತ್ರಿಯೂ ರಾಜನ ಮುಂದೆ ಹಾಡಿ, ರಾಜನಿಗೆ ಶಾಂತಿಯನ್ನೂ ತನಗೆ ಅಪಾರವಾದ ಪ್ರಭಾವವನ್ನೂ ಸಂಪಾದಿಸಿದನು. ಮಾರಿಯಾ ಬಾರ್ಬರಾ ರಾಣಿಯು ಸಾಯುವಾಗ ತನ್ನ ಸಂಗೀತಪುಸ್ತಕಗಳೆಲ್ಲವನ್ನೂ ತನ್ನ ವಾದ್ಯಗಳಲ್ಲಿ ಉತ್ತಮವಾದ ಮೂರನ್ನೂ ಫಾರಿನೆಲ್ಲಿಗೆ ಬರೆದಿಟ್ಟಳು. ಹೊಸ ದೊರೆಯ ಕಾಲದಲ್ಲಿ ಫಾರಿನೆಲ್ಲಿಯು ಸ್ಪೇನನ್ನು ಬಿಟ್ಟು ಬೊಲೋನ್ಯಾದ ತನ್ನ ಮನೆಗೆ ಅವನ್ನು ಒಯ್ದನು. ಇಂಗ್ಲೆಂಡಿನ ಸಂಗೀತಚರಿತ್ರಕಾರ ಚಾರ್ಲ್ಸ್ ಬರ್ನಿಯು 1770ರಲ್ಲಿ ಅಲ್ಲಿಗೆ ಹೋಗಿ ಮುದುಕನಾದ ಫಾರಿನೆಲ್ಲಿಯನ್ನೂ ಆ ವಾದ್ಯಗಳನ್ನೂ ಕಂಡನು. 1835ರಲ್ಲಿ ಸಂಪುಟಗಳು ವೆನಿಸ್ಸನ್ನು ಸೇರಿದುವು.

ಅನಂತರ ಬಹುಕಾಲ ಇವುಗಳ ಕಾಲಾನುಕ್ರಮವನ್ನು ಕುರಿತು ಯಾರೂ ಹೆಚ್ಚಾಗಿ ಯೋಚಿಸಲಿಲ್ಲ. 1906ರಿಂದ ಅಲೆಸ್ಸಾಂದ್ರೊ ಲೊಂಗೊ ಎಂಬ ಪಂಡಿತನು 545 ಸೊನಾಟಗಳನ್ನು ಮುದ್ರಿಸಿದನಾದರೂ, ತನಗೆ ಸರಿತೋರಿದಂತೆ ಶ್ರುತಿಯನ್ನನುಸರಿಸಿ ಗುಂಪು ಕಟ್ಟಿದನೇ ಹೊರತು ಕಾಲವನ್ನು ಗಣಿಸಲಿಲ್ಲ. ಹೂಮಾಲೆಯನ್ನು ಬಿಚ್ಚಿ ಬಣ್ಣಬಣ್ಣದ ಹೂಗಳನ್ನು ಬೇರೆಬೇರೆ ತಟ್ಟೆಗಳಲ್ಲಿ ಇಟ್ಟಂತಾಯಿತು. ಈ ಕಟ್ಟನ್ನು ಮುರಿದವರು ಅಮೆರಿಕದ ಹಾರ್ಪ್ಸಿಕಾರ್ಡ್ ವಾದಕರಾದ ರಾಲ್ಫ್ ಕರ್ಕ್‌ಪ್ಯಾಟ್ರಿಕ್ ಎಂಬುವರು. ಇವರು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ಪೇನಿಗೆ ಹೋಗಿ, ಮ್ಯಾಡ್ರಿಡ್ಡಿನ ಟೆಲಿಫೋನ್ ಪುಸ್ತಕದಲ್ಲಿ ಸ್ಕಾರ್ಲಾಟಿ ಎಂಬ ಹೆಸರನ್ನು ಹುಡುಕಿ, ಆ ವಂಶದವರನ್ನೇ ಪತ್ತೆಮಾಡಿದರಂತೆ! ಪಂಡಿತರು ಪುರಾತನ ಭಂಡಾರಗಳನ್ನು ಶೋಧಿಸುವ ಭರದಲ್ಲಿ ಎದುರಿಗಿರುವ ಪುಸ್ತಕವನ್ನು ತೆರೆಯಲು ಮರೆಯಬಾರದೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆನು. ಈ ಉದಾಹರಣೆಯು ಆಗ ತಿಳಿದಿದ್ದರೆ ಉಪಯೋಗವಾಗುತ್ತಿತ್ತು. 1953ರಲ್ಲಿ ಪ್ರಕಟವಾದ ಇವರ ಗ್ರಂಥದಲ್ಲಿ ಸೊನಾಟಗಳಿಗೆಲ್ಲ 1ರಿಂದ 555ರವರೆಗೆ ಹೊಸ ಅಂಕೆಗಳು ದೊರೆತುವು. ನನ್ನ ಮೊಮ್ಮಗಳ ಪುಸ್ತಕದ ‘ಕೆ.’ ಎಂಬುದು ಇವರ ಹೆಸರಿನ ಮೊದಲಕ್ಷರ.

ಕರ್ಕ್‌ಪ್ಯಾಟ್ರಿಕ್ಕರ ಸಿದ್ಧಾಂತವನ್ನು ಪೂರ್ವಪಕ್ಷವಾಗಿ ಸಂಗ್ರಹಿಸಿ ಹೇಳುವೆನು. ಒಂದು: ಅಚ್ಚಿನ ಪುಸ್ತಕದಿಂದ ಮೊದಲಾಗಿ ಕೊನೆಯ ಸಂಪುಟದವರೆಗೆ ಓದುತ್ತ ಹೋದರೆ ಶೈಲಿಯಲ್ಲಿ ಒಂದು ಬೆಳವಣಿಗೆಯು ಕಾಣುತ್ತದೆ, ಮೊದಮೊದಲು ಕೈಚಳಕದ ಅಬ್ಬರ, ನಡುವೆ ವಿಸ್ತಾರ ಮತ್ತು ಗಾಂಭೀರ್ಯ, ಕೊನೆಯಲ್ಲಿ ಪರಿಪಾಕ. ಎರಡು: ಸಂಪುಟಗಳಲ್ಲಿ ಒಂದೇ ಶ್ರುತಿಯ ಸೊನಾಟಗಳು ಎರಡೆರಡಾಗಿ ಜೋಡಿಯಾಗಿ ಬರುತ್ತವೆ, ಇದು ಸಂಗೀತಕರ್ತನದೇ ಏರ್ಪಾಡಾದುದರಿಂದ ಪ್ರತಿಯ ಕ್ರಮವೇ ರಚನೆಯ ಕ್ರಮ. ಮೂರು: ಆದಕಾರಣ ಸಂಪುಟದ ವರ್ಷವು ಹೆಚ್ಚುಕಡಮೆ ಕೃತಿಯ ವರ್ಷವೇ. ಇದರಿಂದ ಫಲಿಸುವುದೇನೆಂದರೆ, ಐವತ್ತು ವರ್ಷ ದಾಟುವವರೆಗೆ ಆತನಿಂದ ಬಂದುದು ಅಲ್ಪ. ಅರುವತ್ತಾರನೆಯ ವರ್ಷದ ಮೇಲೆ ಒಮ್ಮೆಗೇ ಹೊಳೆ ಒಡೆದಂತೆ ನಾನೂರು ಕೃತಿಗಳು.

ಇದನ್ನು ಮೊದಲ ಸಲ ಓದಿದಾಗ ನನಗೆ ಆದ ಸಂತೋಷವನ್ನು ಮೇಲೆಯೇ ಹೇಳಿರುವೆನು. ಆದರೆ ಸಂತೋಷವು ಪ್ರಮಾಣವಲ್ಲವಷ್ಟೆ. ಎರಡನೆಯ ಸಲ ಓದುವಾಗ, ಬಾಲ್ಯದಲ್ಲಿ ಗುರುಗಳ ಮುಂದೆ ಕುಳಿತು ಓಲೆಗರಿಯ ಕಟ್ಟುಗಳನ್ನು ಬಿಚ್ಚಿದ ನೆನಪು ಬಂದಿತು. ಗ್ರಂಥದ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ಮಾಸ, ತಿಥಿ, ವಾರಗಳನ್ನು ಬರೆದು, ತನ್ನ ಬೆನ್ನು ಕತ್ತು ನೊಂದುದನ್ನು ಹೇಳಿಕೊಂಡು, ತಪ್ಪುಗಳನ್ನು ಮನ್ನಿಸಬೇಕೆಂದು ಬೇಡಿಕೊಂಡಿರುವನು. ನಾನು ಉತ್ಸಾಹದಿಂದ ಆ ಸಂವತ್ಸರವನ್ನು ಕವಿಯ ಕಾಲವೆಂದು ಓದಿಬಿಡಲು, ಗುರುಗಳು, ‘ಅದು ಗರಿ ಗೀರಿದವನ ತಿಥಿ, ಕಾವ್ಯ ಕಟ್ಟಿದವನದಲ್ಲ’ ಎಂದರು. ಪ್ರತಿಯ ಮೇಲಿನ ವರ್ಷವು ಕೃತಿಗೆ ಕೆಳಗಿನ ಎಲ್ಲೆಯನ್ನು ಮಾತ್ರ ಹಾಕುತ್ತದೆ. ಅದಕ್ಕಿಂತ ಈಚಿನದಲ್ಲವೆಂದು ಹೇಳುತ್ತದೆ, ಎಷ್ಟು ಹಿಂದಿನದೆಂದು ಹೇಳುವುದಿಲ್ಲ. ಮ್ಯಾಡ್ರಿಡ್ಡಿನ ಲಿಪಿಕಾರನಿಗೂ ಇದೇ ನ್ಯಾಯವು ಅನ್ವಯಿಸಬೇಕಾಗಿದೆ.

ಈ ಆಕ್ಷೇಪವನ್ನು ಮಾಡಿದವನು ನಾನೇ ಮೊದಲಿಗನಲ್ಲವೆಂದು ಹೇಳಬೇಕಾದುದು ಧರ್ಮ. 1970ರಲ್ಲಿ ಜೋಯೆಲ್ ಷೆವೆಲಾಫ್ ಎಂಬ ಅಮೆರಿಕದ ವಿದ್ವಾಂಸರು ಪ್ರತಿಗಳನ್ನೆಲ್ಲ ತಾಳೆನೋಡಿ ಬರೆದ ಪ್ರಬಂಧದಲ್ಲಿ ಕರ್ಕ್‌ಪ್ಯಾಟ್ರಿಕ್ಕರ ಕಾಲಗಣನೆಯನ್ನು ಬಲವಾಗಿ ಪ್ರಶ್ನಿಸಿದರು. ಅದಕ್ಕೂ ಮುಂಚೆ, 1967ರಲ್ಲಿ, ಇಟಲಿಯ ಜಾರ್ಜೊ ಪೆಸ್ತೆಲ್ಲಿ ಎಂಬುವರು ಪ್ರತಿಗಳ ವರ್ಷವನ್ನು ಬದಿಗಿಟ್ಟು ಶೈಲಿಯೊಂದರಿಂದಲೇ ಸೊನಾಟಗಳಿಗೆ ಕಾಲಕ್ರಮವನ್ನು ಕಟ್ಟಲು ಯತ್ನಿಸಿದರು. ಈ ಎರಡನೆಯ ದಾರಿಯು ನನಗೆ ಸಮ್ಮತವಾಗಲಿಲ್ಲ. ಇಂತಹ ಶೈಲಿಯು ಯೌವನದ್ದು, ಏಕೆಂದರೆ ಈ ಸೊನಾಟವು ಯೌವನದ್ದು. ಈ ಸೊನಾಟವು ಯೌವನದ್ದು, ಏಕೆಂದರೆ ಇದರ ಶೈಲಿಯು ಅಂತಹದು ಎಂದರೆ ನಮ್ಮ ತಾರ್ಕಿಕರು ಅನ್ಯೋನ್ಯಾಶ್ರಯದೋಷವೆಂದು ತಳ್ಳಿಬಿಡುವರು. ಕರ್ಕ್‌ಪ್ಯಾಟ್ರಿಕ್ಕರ ಮೊದಲನೆಯ ಹೇತುವಿಗೂ ಈ ದೋಷದ ಸೋಂಕು ಸ್ವಲ್ಪ ತಗುಲಿದೆ. ಆದುದರಿಂದ ಶೈಲಿಯನ್ನು ಅತ್ತ ಇಟ್ಟು, ಲಿಖಿತವಾದ ಸಾಕ್ಷ್ಯಗಳು ಏನು ಹೇಳುವುವೆಂಬುದನ್ನು ನೋಡೋಣ.

ಮೊದಲನೆಯ ಸಾಕ್ಷಿ ಸ್ಕಾರ್ಲಾಟಿಯೇ. 1738ರ ಪುಸ್ತಕವನ್ನು ಆತನು ಪೋರ್ತುಗಲ್ಲಿನ ದೊರೆಗೆ ಅರ್ಪಿಸಿರುವನು. ಆ ವರ್ಷವೇ ದೊರೆಯು ಆತನಿಗೆ ಸಾಂತಿಯಾಗೊ ಎಂಬ ವೀರಪದವಿಯನ್ನು ಕೊಟ್ಟಿದ್ದನು. ಅರ್ಪಣಪತ್ರಿಕೆಯಲ್ಲಿ, ಈ ಕೃತಿಗಳು ದೊರೆಯ ಆಶ್ರಯದಲ್ಲಿ, ಆತನ ಮಗಳ ಮತ್ತು ತಮ್ಮನಾದ ಡಾನ್ ಅಂತೋನಿಯೊವಿನ ಸೇವೆಗಾಗಿ ಹುಟ್ಟಿದುವೆಂದು ಸ್ಪಷ್ಟವಾಗಿ ಹೇಳಿರುವನು. ಡಾನ್ ಅಂತೋನಿಯೊವು ಅಣ್ಣನ ಮಗಳ ಸಂಗಡ ಸ್ಪೇನಿಗೆ ಹೋದವನಲ್ಲ, ಪೋರ್ತುಗಲ್ಲಿನಲ್ಲಿಯೇ ಉಳಿದವನು. ಆ ಮಾತನ್ನು ಕೇವಲ ಉಪಚಾರವೆಂದು ತಳ್ಳಿಹಾಕದಿದ್ದರೆ, ಈ ಮೂವತ್ತರಲ್ಲಿ ಕೆಲವಾದರೂ 1729ಕ್ಕೆ ಹಿಂದಿನವಾಗಬೇಕು. ಎಂದರೆ ಕರ್ತನ ಕಣ್ಣೆದುರಿಗೇ ಅಚ್ಚಾದ ಪುಸ್ತಕದಲ್ಲಿಯೂ ರಚನೆಗೂ ಪ್ರಕಟನೆಗೂ ನಡುವೆ ಒಂಬತ್ತು ಹತ್ತು ವರ್ಷಗಳ, ಪ್ರಾಯಶಃ ಇನ್ನೂ ಹೆಚ್ಚಿನ, ಅಂತರವಿದೆ.

ಎರಡನೆಯ ಸಾಕ್ಷಿಯು 1742ರ ಸಂಪುಟ. ಇದರಲ್ಲಿರುವ ಕೆ. 81 ಮತ್ತು ಕೆ. 88ರಿಂದ 91ರವರೆಗಿನ ಕೃತಿಗಳು ಅನೇಕ ಅಂಗಗಳುಳ್ಳವು. ಒಂಟಿವಾದ್ಯಕ್ಕೆ ಕೆಳಗಿನ ಸ್ವರಾಧಾರವನ್ನು ಅಂಕೆಗಳಿಂದ ಸೂಚಿಸುವ ಹಳೆಯ ಇಟಲಿಯ ಪದ್ಧತಿಯಲ್ಲಿ ಬರೆದವು. ಇವು 1738ರಲ್ಲಿ ಅಚ್ಚಾದುವಕ್ಕಿಂತ ಹಳೆಯವೆಂಬುದನ್ನು ಕರ್ಕ್‌ಪ್ಯಾಟ್ರಿಕ್ಕರೂ ಅಲ್ಲಗಳೆಯಲಿಲ್ಲ. ಹಾಗಾದರೆ ಈ ಸಂಪುಟದಲ್ಲಿ ಲಿಪಿಕಾರನು ಹಳೆಯದನ್ನೂ ಹೊಸದನ್ನೂ ಕೂಡಿಸಿ ಬರೆದಿರುವುದು ಸಿದ್ಧವಾಯಿತು. 1742ರ ಸಂಪುಟಕ್ಕೆ ಒಂದು ನ್ಯಾಯ, 1752ರ ಸಂಪುಟಕ್ಕೆ ಇನ್ನೊಂದು ನ್ಯಾಯ ಎಂದು ಹೇಳುವುದು ಹೇಗೆ? ಅನ್ನದ ಒಂದು ಅಗುಳನ್ನು ಹಿಸುಕಿ ತಪ್ಪಲೆಯನ್ನೆಲ್ಲ ತಿಳಿಯುವ ಸ್ಥಾಲೀಪುಲಾಕನ್ಯಾಯವು ಇಲ್ಲಿ ಪೂರ್ಣವಾಗಿ ಸಲ್ಲದಿರಬಹುದು; ಆದರೂ ಸಂದೇಹವನ್ನು ಹುಟ್ಟಿಸಲು ಸಾಕು.

ಮೂರನೆಯದು ಥಾಮಸ್ ರೋಸಿಂಗ್ರೇವ್ ಎಂಬ ವಾದಕನ ಮಾತು. ಈತನು ತರುಣನಾಗಿ ಇಟಲಿಗೆ ಹೋಗಿದ್ದಾಗ ವೆನಿಸ್ಸಿನ ಒಂದು ಮನೆಯಲ್ಲಿ ತನ್ನ ಕೈಚಳಕವನ್ನು ತೋರಿಸಿ ಹೊಗಳಿಸಿಕೊಂಡನು. ಮೂಲೆಯಲ್ಲಿ ನಿಂತಿದ್ದ ಕಪ್ಪು ಉಡುಪಿನ ಗಂಭೀರನಾದ ಯುವಕನೊಬ್ಬನನ್ನು ಅನಂತರ ನುಡಿಸಲು ಕೇಳಿದರು. ಅದನ್ನು ಕೇಳಿದ ರೋಸಿಂಗ್ರೇವನಿಗೆ, ಸಾವಿರ ಪಿಶಾಚಿಗಳು ವಾದ್ಯದ ಮೇಲೆ ಎರಗಿದಂತೆ ತೋರಿತಂತೆ. ಆ ಯುವಕನೇ ಸ್ಕಾರ್ಲಾಟಿ. ಇಂಗ್ಲಿಷಿನವನು ನಾಚಿ ಒಂದು ತಿಂಗಳ ಕಾಲ ವಾದ್ಯವನ್ನು ಮುಟ್ಟಲಿಲ್ಲವೆಂದು ಬರ್ನಿಯು ಬರೆದಿರುವನು. 1739ರಲ್ಲಿ ಸ್ಕಾರ್ಲಾಟಿಯ ಪುಸ್ತಕವನ್ನು ಇನ್ನೂ ಹನ್ನೆರಡು ಸೊನಾಟಗಳೊಡನೆ ಲಂಡನ್ನಿನಲ್ಲಿ ಪುನಃ ಪ್ರಕಟಿಸಿದವನೂ ಇದೇ ರೋಸಿಂಗ್ರೇವನು. ಈಗ ಕೇಳುವ ಪ್ರಶ್ನೆಯೇನೆಂದರೆ: ಇಪ್ಪತ್ತುಗಳ ಹರೆಯದಲ್ಲಿ ಆ ಯುವಕನು ನುಡಿಸಿದುದು ಏನನ್ನು? ಬೆರಳುಗಳು ಆಗಲೇ ಪಿಶಾಚಿಗಳಂತೆ ಓಡುತ್ತಿದ್ದುವಾದರೆ, ಅವು ಓಡಿದ ಜಾಡುಗಳು ಮನಸ್ಸಿನಲ್ಲಿಯೂ ಚೂರುಪತ್ರಗಳಲ್ಲಿಯೂ ಉಳಿದಿದ್ದು, ಮುಪ್ಪಿನಲ್ಲಿ ಸಂಪುಟಗಳನ್ನು ಸೇರಲಿಲ್ಲವೆಂದು ಹೇಳಬಲ್ಲವರಾರು?

ಹಳೆಯ ಪತ್ರಗಳು ಎಲ್ಲಿ ಹೋದುವೆಂದು ಕೇಳಬಹುದು. 1734ನೆಯ ಡಿಸೆಂಬರ್ 24ರ ರಾತ್ರಿ ಮ್ಯಾಡ್ರಿಡ್ಡಿನ ಹಳೆಯ ಅರಮನೆಯು ಸುಟ್ಟು ಬೂದಿಯಾಯಿತು. 1755ನೆಯ ನವೆಂಬರ್ 1ರಂದು ಲಿಸ್ಬನ್ನಿನಲ್ಲಿ ಭೂಮಿ ನಡುಗಿ, ಸಮುದ್ರ ಉಕ್ಕಿ, ಉಳಿದುದು ಬೆಂಕಿಗೆ ಆಹುತಿಯಾಗಿ, ಐರೋಪ್ಯ ಖಂಡದಲ್ಲಿಯೇ ಪ್ರಖ್ಯಾತವಾಗಿದ್ದ ರಾಜಸಂಗೀತಭಂಡಾರವು ಹೇಳಹೆಸರಿಲ್ಲದೆ ಹೋಯಿತು. ಇಂತಹ ಎರಡು ಉತ್ಪಾತಗಳಿಗೆ ಒಳಗಾದ ಎರಡು ಆಸ್ಥಾನಗಳಲ್ಲಿ ಜೀವಮಾನವನ್ನು ಕಳೆದವನ ಹಳೆಯ ಕಾಗದಗಳು ಇಲ್ಲವೆಂಬುದರಿಂದ, ಹಳೆಯ ಕೃತಿಗಳೇ ಇರಲಿಲ್ಲವೆಂದು ಊಹಿಸುವುದು ಯುಕ್ತವಲ್ಲ.

ಇಷ್ಟಾದರೂ ಎದುರುಪಕ್ಷಕ್ಕೆ ಬಲವೇ ಇಲ್ಲವೆಂದು ಹೇಳಲಾರೆನು. ಬರ್ನಿಯು 1772ರಲ್ಲಿ ವಿಯೆನ್ನಾದಲ್ಲಿ ಲೋಜಿಯೆ ಎಂಬ ವೈದ್ಯನನ್ನು ಕಂಡನು. ಈ ವೈದ್ಯನು ಸ್ಪೇನಿನಲ್ಲಿ ಸ್ಕಾರ್ಲಾಟಿಯನ್ನು ಬಲ್ಲವನು. ಹೇಸರಗತ್ತೆಯವರ ಹಾಡಿನ ವಿಷಯವನ್ನು ಹೇಳಿದವನೂ ಈತನೇ. ತನ್ನ ಬಳಿಯಿದ್ದ 42 ಸೊನಾಟಗಳನ್ನು ತೋರಿಸಿ, ಇವನ್ನು ಸ್ಕಾರ್ಲಾಟಿಯು 1756ರಲ್ಲಿ ರಚಿಸಿದನೆಂದೂ, ಆಗ ಆತನ ಮೈ ಬಹಳ ದಪ್ಪವಾಗಿ ಒಂದು ಕೈಯ ಮೇಲೆ ಇನ್ನೊಂದು ಕೈಯನ್ನು ದಾಟಿಸಿ ನುಡಿಸಲು ಆಗುತ್ತಿರಲಿಲ್ಲವಾದುದರಿಂದ ಇವು ಅಷ್ಟು ಕಷ್ಟವಾಗಿಲ್ಲವೆಂದೂ, ಕಷ್ಟವಾದುವೆಲ್ಲ ರಾಣಿಯು ಯುವರಾಣಿಯಾಗಿದ್ದ ಕಾಲದವೆಂದೂ ಹೇಳಿದನಂತೆ. ಕೈದಾಟಿಸುವ ಚಮತ್ಕಾರವು ಸ್ಕಾರ್ಲಾಟಿಯ ಮುದ್ರೆಯೇ ಆಗಿತ್ತು, ಕೆ. 120 ಎಂಬುದನ್ನು ನುಡಿಸುವವರ ತೋಳುಗಳನ್ನು ನೋಡಿದರೆ ಎರಡು ಹಾವುಗಳು ಹೆಣೆದುಕೊಂಡಂತೆ ಕಾಣುವುದು. 1752ರಿಂದ ಈಚಿನ ಸಂಪುಟಗಳಲ್ಲಿ ಈ ಚಮತ್ಕಾರವು ವಿರಳವಾಗಿದೆಯೆಂಬುದೂ ನಿಜ.

ಈ ದಪ್ಪದ ಕಥೆಯನ್ನು ವಿದ್ವಾಂಸರು ಬಹಳ ಎಳೆದಾಡಿರುವರು. ದಪ್ಪವಾಗಿದ್ದುದು ಗುರುವಲ್ಲ, ಶಿಷ್ಯೆಯಾದ ರಾಣಿಯೆಂದು ಕೆಲವರು ಹೇಳುತ್ತಾರೆ. ಪೋರ್ತುಗಲ್ಲಿನ ಅಲ್ಪಿಯಾರ್ಸಾ ಎಂಬಲ್ಲಿ ದೊರೆತ ಚಿತ್ರಪಟದಲ್ಲಿ ಸ್ಕಾರ್ಲಾಟಿಯು ವೀರಪದವಿಯ ಚಿಹ್ನೆಯನ್ನು ಧರಿಸಿ ತೆಳ್ಳಗೆ ನೀಳವಾದ ಬೆರಳುಗಳೊಡನೆ ನಿಂತಿರುವುದನ್ನು ಪ್ರಮಾಣವಾಗಿ ತೋರಿಸುತ್ತಾರೆ. ಆದರೆ ಆ ಚಿತ್ರವು 1738ರ ಸುಮಾರಿನದು, ಎಂದರೆ ಐವತ್ತಮೂರು ವಯಸ್ಸಿನದು. ಎಪ್ಪತ್ತರಲ್ಲಿ ಮೈ ಹೇಗಿತ್ತೆಂಬುದಕ್ಕೆ ಅದು ಸಾಕ್ಷಿಯಾಗಲಾರದು. ನನ್ನ ದೃಷ್ಟಿಯಲ್ಲಿ ದಪ್ಪವು ಮುಖ್ಯವಲ್ಲ. ವೈದ್ಯನ ಮಾತಿನಲ್ಲಿ ಎರಡು ಅಂಶಗಳಿವೆ, ಎರಡೂ ಆಪ್ತವಾಕ್ಯವೆನ್ನಬಹುದಾದುವು: ಎಪ್ಪತ್ತರ ವಯಸ್ಸಿನಲ್ಲಿಯೂ ಆತನು ಹೊಸದಾಗಿ ರಚಿಸುತ್ತಿದ್ದನು, ಮತ್ತು ಕಷ್ಟವಾದ ಕೃತಿಗಳು 1729ರಿಂದ 1746ರವರೆಗಿನ ಯುವರಾಣಿಯ ಕಾಲದವು. ಮೊದಲನೆಯದು ಕರ್ಕ್‌ಪ್ಯಾಟ್ರಿಕ್ಕರಿಗೆ ಅನುಕೂಲ, ಎರಡನೆಯದು ಪ್ರತಿಕೂಲ. ಒಂದೇ ನಾಲಗೆಯಿಂದ ಬಂದ ಎರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ವಾದ್ಯಗಳ ಪ್ರಮಾಣವೊಂದು ಉಳಿದಿದೆ. ರಾಣಿಯು ಸತ್ತ ಮೇಲೆ ಆಕೆಯ ಅರಮನೆಗಳಲ್ಲಿದ್ದ ವಾದ್ಯಗಳ ಪಟ್ಟಿಯನ್ನು ಮಾಡಿದರು. ಒಟ್ಟು ಹನ್ನೆರಡು: ಏಳು ಹಾರ್ಪ್ಸಿಕಾರ್ಡುಗಳು, ಐದು ಫ್ಲಾರೆನ್ಸ್ ನಗರದ ಪಿಯಾನೋಗಳು, ಈ ಐದರಲ್ಲಿ ಎರಡನ್ನು ಸುತ್ತಿಗೆ ತೆಗೆದು ಗರಿಕಡ್ಡಿ ಹಾಕಿ ಹಾರ್ಪ್ಸಿಕಾರ್ಡುಗಳಾಗಿ ಮಾರ್ಪಡಿಸಿದ್ದರು. ಪಿಯಾನೋ ಎಂಬ ವಾದ್ಯವೇ ಆಗ ಹೊಸದು. 1700ರ ಸುಮಾರಿಗೆ ಫ್ಲಾರೆನ್ಸಿನ ಕ್ರಿಸ್ತೊಫೊರಿ ಎಂಬುವನು ಅದನ್ನು ಕಂಡುಹಿಡಿದಿದ್ದನು. ಅದಕ್ಕಾಗಿಯೇ ರಚಿತವಾಗಿ ಅಚ್ಚಾದ ಮೊದಲನೆಯ ಸೊನಾಟಗಳು, 1732ರಲ್ಲಿ ಜುಸ್ತೀನಿ ಎಂಬಾತನವು, ಅರ್ಪಿತವಾದುದು ಸ್ಕಾರ್ಲಾಟಿಯ ಶಿಷ್ಯನಾದ ಅದೇ ಡಾನ್ ಅಂತೋನಿಯೊವಿಗೆ. ಪಟ್ಟಿಯಲ್ಲಿನ ಅತ್ಯಂತ ದೊಡ್ಡ ಹಾರ್ಪ್ಸಿಕಾರ್ಡುಗಳಿಗೆ 61 ಮನೆಗಳು, ಎಂದರೆ ಪೂರ್ತಿ ಐದು ಸ್ಥಾಯಿಗಳು, ಪಿಯಾನೋಗಳಿಗೆ ಅಷ್ಟಿಲ್ಲ. 1738ರ ಅಚ್ಚಿನ ಪುಸ್ತಕವು ಇದಕ್ಕಿಂತ ಚಿಕ್ಕ ವ್ಯಾಪ್ತಿಯಲ್ಲಿ ಅಡಗುತ್ತದೆ; ಈಚಿನ ಸಂಪುಟಗಳಲ್ಲಿ ಕೆಲವು ಸೊನಾಟಗಳು ಐದು ಸ್ಥಾಯಿಗಳನ್ನೂ ಬೇಡುತ್ತವೆ. ಇಲ್ಲದ ಮನೆಯನ್ನು ಒತ್ತುವಂತೆ ಯಾರೂ ಬರೆಯಲಾರರು. ಆದುದರಿಂದ ಈ ದೊಡ್ಡ ವ್ಯಾಪ್ತಿಯ ಸೊನಾಟಗಳು ನಿಜವಾಗಿಯೂ ಈಚಿನವೆಂದು ಹೇಳಲು ಅಡ್ಡಿಯಿಲ್ಲ. ಚಿಕ್ಕ ವ್ಯಾಪ್ತಿಯವನ್ನು ಮಾತ್ರ ಈ ತಕ್ಕಡಿಯು ತೂಗಲಾರದು. ಐದು ಸ್ಥಾಯಿಯ ವಾದ್ಯವನ್ನು ಮುಂದಿಟ್ಟುಕೊಂಡು ಮೂರೂವರೆ ಸ್ಥಾಯಿಗಳಲ್ಲಿ ರಚಿಸುವುದು ಯಾವ ಕಾಲದಲ್ಲಿಯೂ ಸಾಧ್ಯ.

ಹಾಗಾದರೆ 1752ರಲ್ಲಿ ನಡೆದುದೇನು? ಆ ವರ್ಷದ ಸುಮಾರಿಗೆ ಸ್ಕಾರ್ಲಾಟಿಯು ಆಲ್ಬಾದ ಡ್ಯೂಕನ ಮನೆತನಕ್ಕೆ ಬರೆದ ಕಾಗದವೊಂದು ಉಳಿದಿದೆ. ತಾನು ಮನೆಯನ್ನು ಬಿಟ್ಟು ಹೊರಡಲಾರೆನೆಂದು ಅದರಲ್ಲಿ ಹೇಳಿಕೊಂಡಿರುವನು. ಆತನಿಗೆ ಜೂಜಿನ ಹವ್ಯಾಸವಿದ್ದು ಸಾಲದಲ್ಲಿ ಸಿಲುಕುತ್ತಿದ್ದನೆಂದೂ, ರಾಣಿಯು ಪದೇ ಪದೇ ಆ ಸಾಲಗಳನ್ನು ತೀರಿಸಿದಳೆಂದೂ, ಆತನ ಹೆಂಡತಿ ಮಕ್ಕಳಿಗೆ ವೃತ್ತಿಯನ್ನು ಮುಂದುವರಿಸಿದಳೆಂದೂ ಫಾರಿನೆಲ್ಲಿಯೇ ಬರ್ನಿಗೆ ಹೇಳಿದನು. ಸಾಲ ತೀರಿಸಿದುದಕ್ಕೆ ಪ್ರತಿಯಾಗಿ ಸೊನಾಟಗಳನ್ನು ಬರೆಸಿಕೊಡಬೇಕೆಂದು ರಾಣಿಯು ಕಟ್ಟುಮಾಡಿರಬಹುದೆಂಬ ಊಹೆಯೂ ಉಂಟು. ಊಹೆಯೆಂದೇ ಅದನ್ನು ಎಣಿಸತಕ್ಕದ್ದು. ನನಗೆ ತೋರುವ ಚಿತ್ರವು ಇಷ್ಟೇ: ಮುದುಕನಾದ, ರೋಗದಿಂದಲೋ ವಯಸ್ಸಿನಿಂದಲೋ ಮನೆಯಲ್ಲಿ ಉಳಿದ ಗುರು, ಮೂವತ್ತು ವರ್ಷಗಳಿಂದ ಆತನ ಬೆರಳುಗಳಿಂದ ಕೇಳಿದುದೆಲ್ಲ ಆತನೊಡನೆ ಅಳಿದುಹೋಗುವುದೆಂದು ಭಯಪಟ್ಟ ಶಿಷ್ಯೆ, ಒಬ್ಬ ಒಳ್ಳೆಯ ಲಿಪಿಕಾರ. ಗುರುವು ಹಳೆಯ ಪತ್ರಗಳನ್ನು ಹುಡುಕಿ ತೆಗೆಯುತ್ತ, ಮರೆತುದನ್ನು ನುಡಿಸಿ ನೆನೆಯುತ್ತ, ಹಳೆಯದನ್ನು ತಿದ್ದುತ್ತ, ಶ್ರುತಿ ಕೂಡುವಂತೆ ಎರಡೆರಡನ್ನು ಜೋಡಿಸುತ್ತ, ನಡುನಡುವೆ ಹೊಸದನ್ನೂ ರಚಿಸುತ್ತ ಹೋದನು. ಇದನ್ನು ಸಿದ್ಧಾಂತವೆನ್ನುವ ಧೈರ್ಯ ನನಗಿಲ್ಲ. ಆದರೆ ಮೇಲೆ ಹೇಳಿದ ಸಾಕ್ಷಿಗಳಲ್ಲಿ ಯಾವುದನ್ನೂ ಇದು ಸುಳ್ಳುಮಾಡುವುದಿಲ್ಲ. ಜೋಡಣೆಯು ಕರ್ತನದೇ ಆದರೂ, ಜೋಡಿಸಿದ ಕಾಲವು ರಚಿಸಿದ ಕಾಲವಲ್ಲವೆಂಬುದರಿಂದ ಕರ್ಕ್‌ಪ್ಯಾಟ್ರಿಕ್ಕರ ಎರಡನೆಯ ಹೇತುವಿಗೂ ಸಮಾಧಾನ ದೊರೆಯುತ್ತದೆ.

ಕೆ. 159ರ ಗತಿಯೇನು? ಅದು 1752ರ ಸಂಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಐದು ಸ್ಥಾಯಿಗಳನ್ನು ಬೇಡುವುದಿಲ್ಲ. ಅದು ಅರುವತ್ತಾರು ವಯಸ್ಸಿನವನದಾಗಿರಬಹುದು. ಸೆವಿಲ್ ನಗರದ ನಲವತ್ತೈದು ವಯಸ್ಸಿನವನದೂ ಆಗಿರಬಹುದು. ಲಿಸ್ಬನ್ನಿನಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ನಗಿಸುವುದಕ್ಕಾಗಿ ಬೇಟೆಯ ಕೊಂಬನ್ನು ಬೆರಳುಗಳಲ್ಲಿ ಊದಿದ ಮೂವತ್ತೈದರವನದಾಗಿದ್ದರೂ ಆಶ್ಚರ್ಯವಿಲ್ಲ. ಇದನ್ನು ಮೊಮ್ಮಗಳಿಗೆ ವಿವರಿಸಿದೆನು. ಆಕೆಯು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಇಲ್ಲಿ ಅಚ್ಚಾಗಿರುವುದು ತಪ್ಪೇ?’ ಎಂದಳು. ತಪ್ಪಲ್ಲ, ಒಂದು ಮಾತು ಬಿಟ್ಟುಹೋಗಿದೆ ಎಂದು ಹೇಳಿ, ಸೀಸದಕಡ್ಡಿಯನ್ನು ಇಸಿದುಕೊಂಡು, 1752 ಎಂಬ ಅಂಕೆಯ ಮುಂದೆ ‘ಇಲ್ಲವೆ ಇದಕ್ಕೆ ಹಿಂದೆ’ ಎಂದು ಸಣ್ಣದಾಗಿ ಬರೆದುಕೊಟ್ಟೆನು.